ಸಾಂಗಲಿಯಲ್ಲಿ ನಾನು ಮಾಡದ ಕೆಲಸ

ಬಬಲೇಶ್ವರದ ಪತ್ತಿನ ಸಹಕಾರಿ ಸಂಘದ ಕಾರ್ಯದರ್ಶಿಯವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕಾರ, ಹಳೇ ಸಾಫ್ಟ್‌ವೇರ್ ತಗದು ಹೊಸಾದು ಹಾಕಬೇಕಂತ ಮಾಡೇವಿ. ನಿಮ್ಮಿಂದ ಆಗತೈತೇನ್ರಿ?"

ನಾನು ಸೆರಗು ಸರಿ ಮಾಡಿಕೊಂಡು, "ಏನೋ, ಅಲ್ಪಸ್ವಲ್ಪ ಗೊತ್ತೈತ್ರಿ. ಪ್ರಯತ್ನ ಮಾಡೋಣ್ರಿ" ಎಂದೆ.

ಇದೇ ಕೆಲಸವನ್ನು ನಾನು ಹಿಂದೆ ಇದ್ದ ಕಂಪನಿಯಲ್ಲಿ ಎಷ್ಟೋ ಸಂಘಗಳಿಗೆ ಮಾಡಿಕೊಟ್ಟಿದ್ದೆ. ಸದಸ್ಯರ ಖಾತೆ, ಠೇವಣಿ, ಸಾಲ, ಬಡ್ಡಿ ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ತಂದು, ಒಂದಷ್ಟು ದಿನ ಎರಡನ್ನೂ ಜೊತೆಜೊತೆಗೆ ನಡೆಸಿ, ತಾಳೆಯಾದ ಮೇಲೆ ಹಳೆಯದನ್ನು ನಿಲ್ಲಿಸುವುದು. ಅಕ್ಕಿ ಆರಿಸಿದಷ್ಟೇ ಅಭ್ಯಾಸವಾದ ಕೆಲಸ. ಆದರೆ ಎದುರಿಗೆ ಕೂತವರು ಕೇಳಿದಾಗ ಬಾಯಿಂದ ಬಂದದ್ದು "ಅಲ್ಪಸ್ವಲ್ಪ". ನಾನು ಎದ್ದು ಬಂದ ಮೇಲೆ ಪುಣೆಯಿಂದ ಬಂದಿದ್ದ ಒಬ್ಬರು ಅದೇ ಕುರ್ಚಿಯಲ್ಲಿ ಕೂತು "ಆಗೇಬಿಟ್ಟೈತಿ ಅಂತ ತಿಳೀರಿ" ಎಂದರಂತೆ. ಕೆಲಸ ಅವರಿಗೆ ಹೋಯಿತು.

ಈ ಸುದ್ದಿ ತಂದವಳು ನನ್ನ ಹಳೆಯ ಸಹೋದ್ಯೋಗಿ. ಅವಳ ತವರು ಜೈನಾಪುರ. ಬಬಲೇಶ್ವರದಲ್ಲಿ ಅವಳಿಗೆ ಗೊತ್ತಿಲ್ಲದವರು ಕಡಿಮೆ.

"ಅಲ್ಲ ಬೇ, ನಿನಗ ಬರಂಗಿಲ್ಲಂತ ನೀನ ಹೇಳಿ ಬಂದೀಯಂತಲ್ಲ?"

"ನಾ ಯಾವಾಗ ಹಂಗ ಅಂದೆ?"

"ಅಲ್ಪಸ್ವಲ್ಪ ಅಂದ್ಯಂತ. ಮಂದಿ ಇಟ್ಟ ಠೇವಣಿ ಲೆಕ್ಕಾನ ಅಲ್ಪಸ್ವಲ್ಪ ಗೊತ್ತಿದ್ದಾಕಿ ಕೈಯಾಗ ಯಾರ ಕೊಡ್ತಾರ? ನಾ ಆದ್ರೂ ಕೊಡತಿದ್ದಿಲ್ಲ."



ಆ ಹೊತ್ತಿಗೆ ಕಂಪನಿ ವಿಜಯಪುರದ ಶಾಖೆಯನ್ನು ಮುಚ್ಚಿ ಕೆಲ ತಿಂಗಳಾಗಿತ್ತು. ಬೇರೆ ಊರಿಗೆ ಹೋಗುವ ವಯಸ್ಸಲ್ಲ, ಮನಸ್ಸೂ ಇಲ್ಲ. ಇಲ್ಲಿಯೇ ಗುತ್ತಿಗೆ ಮೇಲೆ ಕೆಲಸ ಹಿಡಿಯುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ. ನನ್ನ ಮೈದುನನಿಗೆ ಹನಿ ನೀರಾವರಿ ಪೈಪುಗಳ ಅಂಗಡಿ ಇದೆ. ಅವನು ಪ್ರೀತಿಯಿಂದಲೇ ಹೇಳಿದ: "ಭಾಬಿ, ಕಂಪ್ಯೂಟರ್ ನಮ್ಮ ಅಂಗಡ್ಯಾಗೂ ಐತಿ, ಕುರ್ಚಿನೂ ಐತಿ. ಬಿಲ್ ತಗೀರಿ, ಆರಾಮ ಇರ್ರಿ." ಹೊಸ ಮಣೂಕ, ಅಂದರೆ ಒಣದ್ರಾಕ್ಷಿ, ಬರುವ ಹಂಗಾಮಿನವರೆಗೆ ನೋಡುತ್ತೇನೆ, ಏನೂ ಸಿಗದಿದ್ದರೆ ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ಆ ಕುರ್ಚಿಯಲ್ಲಿ ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ಬಗ್ಗೆ ನಾನೇ ಒಂದು ಪುಟ ಬರೆಯಲು ಕೂತೆ. ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು. ತೊರವಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡುವ ನನ್ನ ಯಜಮಾನರು ಚಹಾ ಕುಡಿಯುತ್ತ ಪರದೆಯನ್ನು ನೋಡಿದರು. ಅಲ್ಲಿ ನನ್ನ ಹೆಸರು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

"ಸಾರು ಚಲೋ ಆಗೇತಿ ಅಂದ್ರೂ 'ಉಪ್ಪು ಹೆಚ್ಚಾತೇನೋ' ಅನ್ನಾಕಿ ನೀ. ಇನ್ನ ಸಾಫ್ಟ್‌ವೇರ್ ಹೆಂಗ ಮಾರ್ತಿ?" ಎಂದು ನಕ್ಕರು.

ನಮ್ಮ ಕಡೆ ಸಂಬಂಧ ನೋಡುವಾಗ ಹುಡುಗಿಯ ಮನೆಯವರು ಹುಡುಗಿಯನ್ನು ಹೊಗಳುವುದಿಲ್ಲ. "ಏನೋ, ಅಡಗಿ ಕಲ್ಯಾಕತ್ತಾಳ" ಎಂದು ತಲೆ ತಗ್ಗಿಸುತ್ತಾರೆ. ಹೊಗಳುವ ಕೆಲಸ ನಡುವಿನವರದು. ಹಿಂದೂ ಮುಸಲ್ಮಾನ ಅಂತಿಲ್ಲ, ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ನಾನೂ ಹಾಗೆಯೇ ಬೆಳೆದವಳು. ಹಾಗಾದರೆ ನನಗೂ ಒಬ್ಬ ನಡುವಿನವರು ಬೇಕು ಎಂದುಕೊಂಡೆ. ನಮ್ಮ ಓಣಿಯಲ್ಲಿ ಮಣೂಕದ ದಲಾಲಿ ಮಾಡುವ ಒಬ್ಬ ಕಾಕಾ ಇದ್ದರು. ಮಣೂಕ ಇಡುವ ಟಿಕೋಟಾದ ಪ್ರತಿ ಕೋಲ್ಡ್ ಸ್ಟೋರೇಜಿನ ಬಾಗಿಲೂ ಅವರಿಗೆ ಪರಿಚಯ. ನಾನು ಕೇಳಿದ ಕೂಡಲೇ ಎದೆ ಮುಟ್ಟಿಕೊಂಡರು. "ಇಷ್ಟ ಅಲ್ಲನವಾ? ನನ್ನ ಮ್ಯಾಲ ಬಿಡು."

ಅದಾಗಿ ಸ್ವಲ್ಪ ದಿನಕ್ಕೆ ಎಳ್ಳ ಅಮಾಸಿ ಬಂತು. ನಮ್ಮ ಮನೆಯಲ್ಲಿ ಆ ಹಬ್ಬವಿಲ್ಲ. ಆದರೆ ಚರಗಕ್ಕೆ, ಅಂದರೆ ಪೈರಿಗೆ ನೈವೇದ್ಯ ಚೆಲ್ಲುವುದಕ್ಕೆ, ಯಾರಾದರೊಬ್ಬರು ಹೊಲಕ್ಕೆ ಕರೆಯದೆ ಬಿಟ್ಟ ವರ್ಷವೂ ಇಲ್ಲ. ಆ ಸಲ ಸಹೋದ್ಯೋಗಿಯ ತವರು, ಜೈನಾಪುರದ ಹೊಲ. ಕಾಕಾನೂ ಬಂದಿದ್ದರು. ಬನ್ನಿ ಗಿಡದ ಕೆಳಗೆ ಪೂಜೆಯಾಗಿ, ಬಿಳಿಜೋಳದ ಸಾಲುಗಳ ನಡುವೆ ಚರಗ ಚೆಲ್ಲಿ ಬಂದ ಮೇಲೆ ಎಲ್ಲರೂ ಜಮಖಾನದ ಮೇಲೆ ಕೂತೆವು. ಸಜ್ಜೆ ರೊಟ್ಟಿ, ಬಜ್ಜಿ, ಕಡುಬು, ಶೇಂಗಾ ಹೋಳಿಗೆ. ನನ್ನ ಎದುರಿಗೆ ಕೂತವರು ಟಿಕೋಟಾದ ಒಂದು ಕೋಲ್ಡ್ ಸ್ಟೋರೇಜಿನ ಮಾಲೀಕರು, ಆ ಮನೆಯ ಬೀಗರು.

ಕಾಕಾ ಗಂಟಲು ಸರಿ ಮಾಡಿಕೊಂಡರು. "ಸಾವಕಾರ್ರ, ಇವರಂದ್ರ ಸಾದಾ ಮಂದಿ ಅಲ್ಲರಿ. ಮಣೂಕದ ದೊಡ್ಡ ಪ್ಯಾಟಿ ಸಾಂಗಲಿಯೊಳಗ ದೊಡ್ಡ ದೊಡ್ಡ ಕೋಲ್ಡ್ ಸ್ಟೋರೇಜ್ ಕಂಪ್ಯೂಟರ್ ಮಾಡಿ ಬಂದಾರ. ಅಲ್ಲೇನವರು ಇವರನ್ನ ಬಿಡಾಕ ತಯಾರಿದ್ದಿಲ್ಲ!"

ನನ್ನ ಬಾಯಲ್ಲಿ ಹೋಳಿಗೆ ಇತ್ತು. ಹೋಳಿಗೆ ಇಲ್ಲದಿದ್ದರೂ ನಾನು ಮಾತಾಡುತ್ತಿರಲಿಲ್ಲವೇನೋ. ಹೊಲದ ಊಟಕ್ಕೆ ಕರೆದವರ ಮುಂದೆ ಹಿರಿಯರ ಮಾತನ್ನು ತೆಗೆದುಹಾಕುವುದು ಹೇಗೆ?

ಮಾಲೀಕರು ನನ್ನತ್ತ ತಿರುಗಿದರು. "ಹೌದೇನ್ರಿ ಅಕ್ಕಾರ? ಹಂಗಾರ ಟಿಕೋಟಾಕ್ಕ ಬರ್ರಿ. ಹ್ವಾದ ವರ್ಷದ ಜಗಳನ ನಮಗಿನ್ನೂ ಬಗೀಹರದಿಲ್ಲ."

ಮರಳಿ ಬರುವಾಗ ಜೀಪಿನಲ್ಲಿ ಕಾಕಾನನ್ನು ಕೇಳಿದೆ. "ಸಾಂಗಲಿ ಅಂತ ಯಾಕ ಅಂದ್ರಿ ಕಾಕಾ? ನಾ ಅಲ್ಲಿಗೆ ಒಮ್ಮಿ ಮದುವಿಗೆ ಹೋಗೀನಿ, ಅಷ್ಟ."

"ಹೋಗೀಯಲ್ಲ? ಅರ್ಧಾ ಖರೇ ಆತು!" ಅವರಿಗೆ ಸ್ವಲ್ಪವೂ ಮುಜುಗರವಿಲ್ಲ. "ಕನ್ಯಾ ತೋರ್ಸುಮುಂದ ಹುಡುಗಿ ನೂರ ಮಂದಿಗೆ ಅಡಗಿ ಮಾಡ್ತಾಳ ಅಂತ ಹೇಳ್ತಾರ. ಮದುವಿ ಆದಮ್ಯಾಲ ಕಲೀತಾಳ. ನೀನೂ ಕಲಿ."

ಕಲಿಯುವುದಕ್ಕಂತೂ ನಾನು ಹಿಂದೆ ಬಿದ್ದವಳಲ್ಲ. ವಾರಗಟ್ಟಲೆ ಟಿಕೋಟಾದ ಬಸ್ಸು ಹಿಡಿದೆ. ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿ, ಗೇಟಿನ ಗುಮಾಸ್ತರ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂಡುತ್ತಿದ್ದೆ. ಕಳೆದ ಹಂಗಾಮಿನ ಮಾಲು ಇನ್ನೂ ಒಳಗಿತ್ತು. ಸ್ವಲ್ಪಸ್ವಲ್ಪವೇ ಹೊರಗೆ ಹೋಗುತ್ತಿತ್ತು. ರೈತರು ಮಣೂಕವನ್ನು ಪೆಟ್ಟಿಗೆಗಳಲ್ಲಿ ತುಂಬಿ ತಂದು ಇಳಿಸುತ್ತಾರೆ. ಒಬ್ಬ ರೈತ ಒಮ್ಮೆಗೆ ತಂದ ಪೆಟ್ಟಿಗೆಗಳೆಲ್ಲ ಸೇರಿ ಒಂದು ಲಾಟು. ಅದಕ್ಕೊಂದು ನಂಬರು, ಒಂದು ಕೋಣೆ, ಒಂದು ಸಾಲು. ಇಲ್ಲಿಯವರೆಗೆ ಅವರ ಬಳಿ ಇದ್ದ ಸಾಫ್ಟ್‌ವೇರಿಗೂ ತೊಂದರೆಯಿರಲಿಲ್ಲ.

ತೊಡಕು ಆಮೇಲೆ. ದರ ಬಂದಾಗ ರೈತ ಅರ್ಧ ಲಾಟನ್ನು ವ್ಯಾಪಾರಿಗೆ ಮಾರುತ್ತಾನೆ. ವ್ಯಾಪಾರಿ ಅದರಲ್ಲಿ ಸ್ವಲ್ಪವನ್ನು ಇನ್ನೊಬ್ಬನಿಗೆ ಮಾರುತ್ತಾನೆ. ಪೆಟ್ಟಿಗೆ ಮಾತ್ರ ಕೋಣೆಯಲ್ಲಿ ಇದ್ದಲ್ಲಿಯೇ ಇರುತ್ತದೆ, ಮಾಲೀಕ ಬದಲಾಗುತ್ತಾನೆ. ಹಳೆಯ ಸಾಫ್ಟ್‌ವೇರಿನಲ್ಲಿ ಒಂದು ಲಾಟಿಗೆ ಒಬ್ಬನೇ ಮಾಲೀಕ. ಉಳಿದದ್ದೆಲ್ಲ ಗುಮಾಸ್ತರ ನೆನಪು ಮತ್ತು ವಾಟ್ಸಪ್ಪು. ಮಾಲು ಎತ್ತುವ ದಿನ ಇಬ್ಬರು ಒಂದೇ ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಜಗಳ. ಗುಮಾಸ್ತರು ನೊಂದು ಹೇಳಿದರು: "ಅಕ್ಕಾರ, ಹಂಗಾಮದಾಗ ನನ್ನ ತಲೀನ ಒಂದು ಕೋಲ್ಡ್ ಸ್ಟೋರೇಜ್ ಆಗಿರ್ತೈತ್ರಿ. ಎಲ್ಲಾರ ಮಾಲೂ ಅದರಾಗ."

ನೋಡುತ್ತ ನೋಡುತ್ತ ನನಗೆ ಹೊಳೆಯಿತು. ಸಂಘಗಳಲ್ಲಿ ಷೇರು ಒಬ್ಬ ಸದಸ್ಯರಿಂದ ಇನ್ನೊಬ್ಬರಿಗೆ ವರ್ಗವಾಗುವುದೂ ಹೀಗೆಯೇ. ಹಳೆಯ ಹೆಸರನ್ನು ಅಳಿಸಬಾರದು. ಅದರ ಕೆಳಗೆ ಹೊಸ ಹೆಸರು ಕೂಡಿಸುತ್ತ ಹೋಗಬೇಕು. ಲಾಟಿಗಲ್ಲ, ಪ್ರತಿ ಪೆಟ್ಟಿಗೆಗೂ ಒಂದು ನಂಬರು ಕೊಟ್ಟು, ಅದಕ್ಕೆ ಒಂದು ಚರಿತ್ರೆ ಕಟ್ಟಿದೆ. ಇಂಟರ್‌ನೆಟ್ ಹೋದರೂ ಗೇಟಿನ ಕಂಪ್ಯೂಟರ್ ತಾನೇ ಬರೆದಿಟ್ಟುಕೊಂಡು, ಬಂದಾಗ ಕಳಿಸುವ ಹಾಗೆ ಮಾಡಿದೆ. ಮಾಲೀಕತ್ವ ಬದಲಾದರೆ ಮಾರಿದವರಿಗೂ ಕೊಂಡವರಿಗೂ ಕನ್ನಡದಲ್ಲಿ ಸಂದೇಶ.

ಪೆಟ್ಟಿಗೆಗೆ ಅಂಟಿಸುವ ಸ್ಟಿಕರ್ ನನ್ನನ್ನು ಹೆಚ್ಚು ಕಾಡಿತು. ತಂಪಿನಲ್ಲಿ ಅಂಟು ಬಿಡುತ್ತದೆ, ಹೊರಗೆ ತಂದಾಗ ಮೇಲೆ ನೀರು ಕಟ್ಟಿ ಶಾಯಿ ಹರಡುತ್ತದೆ. ಪೇಟೆಯಲ್ಲಿ ಸಿಕ್ಕ ಥರಾವರಿ ಸ್ಟಿಕರುಗಳನ್ನು ರಟ್ಟಿನ ಚೂರುಗಳಿಗೆ ಅಂಟಿಸಿ ಮನೆಯ ಫ್ರಿಜ್ಜಿನಲ್ಲಿಟ್ಟೆ. ಕೆಲವು ಹಾಲಿನ ಪಕ್ಕ, ಕೆಲವು ಮೇಲೆ ಮಾಂಸದ ಡಬ್ಬಿಯ ಪಕ್ಕ. ದಿನಾ ಬೆಳಿಗ್ಗೆ ಹೊರತೆಗೆದು ಉಜ್ಜಿ ನೋಡುವುದು.

"ಮೊಸರು ಎಲ್ಲೈತಿ?" ಎಂದು ಯಜಮಾನರು ಕೇಳಿದರೆ, "ಆ ಹಳದಿ ಸ್ಟಿಕರ್ ಹಿಂದ" ಎನ್ನುತ್ತಿದ್ದೆ. ಕಡೆಗೆ ಒಂದೇ ಒಂದು ಜಾತಿ ಉಳಿಯಿತು. ಉಗುರಿನಿಂದ ಕೆರೆದರೂ ಬರಲಿಲ್ಲ. ಅದರ ಮೇಲೆ, ಫೋನು ಹಿಡಿದು ಓದಿಸುವ ಚೌಕದ ಕೋಡಿನ ಕೆಳಗೆ ನಂಬರನ್ನು, ನನ್ನ ಕನ್ನಡಕಕ್ಕೆ ಸಲೀಸಾಗಿ ಕಾಣುವಷ್ಟು ದಪ್ಪಗೆ ಹಾಕಿಸಿದೆ.

ಮಾಲೀಕರು ಮತ್ತು ಅವರ ಪಾಲುದಾರರ ಮುಂದೆ ತೋರಿಸುವ ದಿನ ಗೊತ್ತಾಯಿತು. ಹಿಂದಿನ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಕೆಲಸದ ಬಗ್ಗೆ ಅಂಜಿಕೆ ಇರಲಿಲ್ಲ. ಸಾಂಗಲಿ ಮಾತ್ರ ಒಲೆಯ ಹೊಗೆಯ ಹಾಗೆ ಕಣ್ಣಿಗೆ ಬರುತ್ತಿತ್ತು. ಸುಳ್ಳು ಹೇಳಿದ ನಡುವಿನವರು ಉಂಡು ಎದ್ದು ಹೋಗುತ್ತಾರೆ. ಸಂಸಾರ ಮಾಡಬೇಕಾದವಳು ಹುಡುಗಿ. ಗುತ್ತಿಗೆ ಎಂದರೆ ವರ್ಷಗಟ್ಟಲೆಯ ಸಂಸಾರವೇ. ನಾಳೆ ಏನೋ ಕೆಟ್ಟಾಗ "ಸಾಂಗಲಿಯೊಳಗ ಹೆಂಗ ಮಾಡಿದ್ರಿ?" ಎಂದು ಕೇಳಿದರೆ?

"ನಾಳೆ ಅದನ್ನ ಹೇಳಿಬಿಡ್ತೀನಿ" ಎಂದೆ.

ಯಜಮಾನರು ಪತ್ರಿಕೆ ಮಡಚಿದರು. "ಹೇಳಿದ್ರ ಕೆಲಸ ಹೋಗಬಹುದು."

"ಹೋದ್ರ ಹೋಗ್ಲಿ. ಆದ್ರ ಬಬಲೇಶ್ವರದಾಗ ಹೋದಂಗ ಹೋಗಬಾರದು."

ಆ ಮಾತು ಬಾಯಿಂದ ಬಂದ ಮೇಲೆಯೇ ನನಗೆ ಅದರ ಅರ್ಥವಾದದ್ದು. ಕಾಕಾ ಇಲ್ಲದ್ದನ್ನು ಇದೆ ಎಂದಿದ್ದರು. ಬಬಲೇಶ್ವರದಲ್ಲಿ ನಾನು ಇದ್ದದ್ದನ್ನು ಇಲ್ಲವೆಂದಿದ್ದೆ. ಎರಡೂ ಒಂದೇ ಜಾತಿಯ ಮಾತು. ಸಾಂಗಲಿಯನ್ನು ತೆಗೆದರೆ ಸಾಲದು. ಅದರ ಜಾಗದಲ್ಲಿ ನಾನು ನಿಜವಾಗಿ ಮಾಡಿದ್ದನ್ನು ಇಡಬೇಕು. ಅದನ್ನು ನಾನೇ ಇಡಬೇಕು.

ಮರುದಿನ ಟಿಕೋಟಾದ ಕಚೇರಿಯಲ್ಲಿ ಮಾಲೀಕರು, ಅವರ ಇಬ್ಬರು ಪಾಲುದಾರರು. ಒಬ್ಬರು ಬಿಳಿ ಟೊಪ್ಪಿಗೆಯ ಹಿರಿಯರು, ಇನ್ನೊಬ್ಬರು ಸ್ವತಃ ವ್ಯಾಪಾರಿ. ಕಾಕಾ ನನ್ನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಚಹಾ ಬಂತು. ಲ್ಯಾಪ್‌ಟಾಪ್ ತೆರೆಯುವ ಮೊದಲೇ ಬಾಯಿ ತೆರೆದೆ.

"ಸಾವಕಾರ್ರ, ಚಾಲೂ ಮಾಡೂಕಿಂತ ಮೊದಲ ಒಂದು ಮಾತು ಹೇಳಬೇಕ್ರಿ. ಸಾಂಗಲಿಯೊಳಗ ನಾ ಒಂದೂ ಕೋಲ್ಡ್ ಸ್ಟೋರೇಜ್ ಕೆಲಸ ಮಾಡಿಲ್ಲರಿ. ಎಲ್ಲೂ ಮಾಡಿಲ್ಲ. ನಿಮ್ಮದ ಮೊದಲನೇದು."

ಕಾಕಾನ ಕೈಯಲ್ಲಿದ್ದ ಚಹಾದ ಬಸಿ ತುಟಿಯ ಹತ್ತಿರ ನಿಂತಿತು.

ಮಾಲೀಕರ ಮುಖ ಬಿಗಿಯಾಯಿತು. "ಏನ್ ಕಾಕಾ? ಹೊಲದಾಗ ಏನ ಹೇಳಿದ್ರಿ ನೀವು?"

"ಸಾಂಗಲಿಗೆ ಹೋಗ್ಯಾರ್ರಿ..." ಕಾಕಾ ತಡವರಿಸಿದರು. "ಮದುವಿಗೆ."

ವ್ಯಾಪಾರಿ ಪಾಲುದಾರರಿಗೆ ನಗು ತಡೆಯಲಾಗಲಿಲ್ಲ. ಟೊಪ್ಪಿಗೆಯ ಹಿರಿಯರು ನಗಲಿಲ್ಲ. "ಹಂಗಾರ ಇಲ್ಲಿಗೆ ಯಾಕ ಬಂದಿ ತಂಗಿ?"

"ನನಗ ಈ ಕೆಲಸ ಬರತೈತ್ರಿ, ಅದಕ್ಕ." ನನ್ನ ದನಿ ನನಗೇ ಹೊಸದೆನಿಸಿತು, ಆದರೂ ನಿಲ್ಲಿಸಲಿಲ್ಲ. "ಪತ್ತಿನ ಸಂಘಗಳ ಖಾತೆ ಹಳೇದರಿಂದ ಹೊಸದಕ್ಕ ನಾ ತಂದೀನಿ. ಒಂದು ದವಾಖಾನಿ ದಾಖಲೆ ಪೂರಾ ಬದಲ ಮಾಡೀನಿ, ದವಾಖಾನಿ ಒಂದು ದಿನಾನೂ ಬಂದ್ ಆಗಲಿಲ್ಲ. ತಪ್ಪಾದಲ್ಲೆ ನಾನ ಹುಡುಕಿ ತಿದ್ದೀನಿ. ನಿಮ್ಮ ಗೇಟಿನ ಮುಂದ ವಾರಗಟ್ಟಲೆ ಕುಂತು ನಿಮ್ಮ ಜಗಳ ಎಲ್ಲೆ ಹುಟ್ಟತೈತಿ ಅಂತ ನೋಡೀನಿ. ಅದನ್ನ ಬಿಡಸೂದು ಹೆಂಗ ಅಂತ ತೋರಸ್ತೀನಿ. ಚಲೋ ಅನಸಲಿಲ್ಲ ಅಂದ್ರ ಚಾ ಕುಡದು ಹೋಗ್ತೀನ್ರಿ."

ಹಿರಿಯರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ತೋರಸು."

ಅವರು ಹೋದ ವರ್ಷದ ಜಗಳವನ್ನೇ ಕೊಟ್ಟರು. ಅರ್ಧ ಲಾಟು ಮಾರಾಟ, ಅದರಲ್ಲಿ ಸ್ವಲ್ಪ ಮತ್ತೊಬ್ಬನಿಗೆ, ಅವನಿಂದ ಒಂದಿಷ್ಟು ಮರಳಿ ರೈತನಿಗೆ. ಅವರು ಹೇಳುತ್ತ ಹೋದರು, ನಾನು ಹಾಕುತ್ತ ಹೋದೆ. ಕೊನೆಗೆ ಯಾವುದೋ ಒಂದು ಪೆಟ್ಟಿಗೆಯ ನಂಬರು ಒತ್ತಿದೆ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಮೇಲಿನಿಂದ ಕೆಳಗೆ ವಂಶಾವಳಿಯ ಹಾಗೆ ಪರದೆಯ ಮೇಲೆ ನಿಂತಿತು. "ಇಂಟರ್‌ನೆಟ್ ವಾಯರ್ ತಗೀರಿ" ಎಂದೆ. ಮಾಲೀಕರೇ ಕಿತ್ತರು. ಕೆಲಸ ನಿಲ್ಲಲಿಲ್ಲ.

ಆಮೇಲೆ ಕೋಲ್ಡ್ ಸ್ಟೋರೇಜಿನ ಕೋಣೆಗೆ ಹೋದೆವು. ಕೆಲ ದಿನ ಮೊದಲೇ ನಾನು ಪೆಟ್ಟಿಗೆಗಳಿಗೆ ಅಂಟಿಸಿಟ್ಟಿದ್ದ ಸ್ಟಿಕರುಗಳು ಗಟ್ಟಿಯಾಗಿ ಕೂತಿದ್ದವು. ಆದರೆ ಪೆಟ್ಟಿಗೆಯನ್ನು ಹೊರಗೆ ತಂದು ಫೋನು ಹಿಡಿದರೆ ಪರದೆ ಬರೀ ಬಿಳಿ. ಒಳಗೆ ತಣ್ಣಗಾಗಿದ್ದ ಫೋನಿನ ಕಣ್ಣಿಗೆ ಹೊರಗಿನ ಗಾಳಿ ತಾಕಿ ಮಂಜು ಕಟ್ಟಿತ್ತು. ಸ್ಟಿಕರನ್ನು ಫ್ರಿಜ್ಜಿನಲ್ಲಿಟ್ಟ ನಾನು ಫೋನನ್ನು ಇಟ್ಟಿರಲಿಲ್ಲ.

"ಇದು ನನಗ ಗೊತ್ತಿದ್ದಿಲ್ಲರಿ" ಎಂದು ಅಲ್ಲೇ ಹೇಳಿದೆ. "ಫೋನ್ ಹೊರಗ ಇಟ್ಟು, ಪೆಟ್ಟಿಗಿ ಹೊರಗ ಬಂದಮ್ಯಾಲ ಹಿಡೀಬೇಕು. ಈಗ ನಂಬರ್ ಹಾಕೋಣ." ದಪ್ಪ ಅಂಕಿಗಳನ್ನು ಓದಿ ಹಾಕಿದೆ. ಪೆಟ್ಟಿಗೆ ಸಿಕ್ಕಿತು. ಗುಮಾಸ್ತರು ಹಿಂದಿನಿಂದ ಕನ್ನಡಕ ತೆಗೆದು, "ಈ ನಂಬರ್ ನನಗೂ ಕಾಣತೈತ್ರಿ, ಚಾಳೀಸ ಇಲ್ಲದ!" ಎಂದರು.

ಮರಳಿ ಬಂದು ಕೂತಾಗ ಮಾಲೀಕರು ಕೇಳಿದರು. "ಆತ್ರಿ ಅಕ್ಕಾರ. ಏನ ತಗೋತೀರಿ ಹೇಳ್ರಿ."

ನಮ್ಮಲ್ಲಿ ಪರಿಚಯದವರು ಇದನ್ನು ಕೇಳಿದರೆ ಕೊಡುವ ಉತ್ತರ ಒಂದೇ: "ನೀವ ತಿಳದು ಕೊಡ್ರಿ." ಅದು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿ ಹೇಳಿದೆ: ಹಾಕಿಕೊಟ್ಟು ಕಲಿಸುವುದಕ್ಕೆ ಇಷ್ಟು, ವರ್ಷದ ನಿರ್ವಹಣೆಗೆ ಇಷ್ಟು, ಆಮೇಲೆ ಹೊಸದೇನಾದರೂ ಬೇಕೆಂದರೆ ಅದರ ಲೆಕ್ಕ ಬೇರೆ. ಹೇಳಿ ಸುಮ್ಮನೆ ಕೂತೆ. ಹಾಗೆ ಸುಮ್ಮನೆ ಕೂಡುವುದು ಸಾಫ್ಟ್‌ವೇರ್ ಬರೆಯುವುದಕ್ಕಿಂತ ಕಷ್ಟ.

ಕಾಕಾ ಕೆಮ್ಮಿದರು. "ಹೆಚ್ಚು ಕಡಿಮಿ ಮಾಡೋಣ್ರಿ, ಮನಿ ಮಂದಿ..."

"ಕಾಕಾ, ಚಾ ಆರಾಕತ್ತೈತಿ, ಕುಡೀರಿ" ಎಂದೆ.

ಈಗ ಟೊಪ್ಪಿಗೆಯ ಹಿರಿಯರೂ ನಕ್ಕರು. "ಆಕಿ ಹೇಳಿದಷ್ಟ ಇರಲಿ" ಎಂದು ಪಾಲುದಾರರಿಗೆ ಹೇಳಿ ನನ್ನತ್ತ ತಿರುಗಿದರು. "ಒಂದ ಮಾತು. ಹಂಗಾಮದಾಗ ಫೋನ್ ಎತ್ತಬೇಕು."

"ಎತ್ತತೀನ್ರಿ. ಬಾಯಾಗ ತುತ್ತಿದ್ರೂ ಎತ್ತತೀನಿ."

ಕರಾರಿನ ಕಾಗದಕ್ಕೆ ಸಹಿ ಹಾಕುವಾಗ ಗುತ್ತಿಗೆದಾರರು ಎಂಬ ಜಾಗದಲ್ಲಿ ಕಂಪನಿಯ ಠಸ್ಸೆ ಇರಲಿಲ್ಲ. ನನ್ನ ಹೆಸರಿತ್ತು.

ಹೊಸ ಮಣೂಕ ಬಂತು. ಟಿಕೋಟಾದ ರಸ್ತೆಯುದ್ದಕ್ಕೂ ಟೆಂಪೊಗಳ ಸಾಲು. ಮೊದಲ ದಿನಗಳಲ್ಲಿ ಗುಮಾಸ್ತರು ದಿನಕ್ಕೆ ಹಲವು ಸಲ ಫೋನ್ ಮಾಡಿದರು, ಆಮೇಲೆ ಒಮ್ಮೆ, ಆಮೇಲೆ ಮಾಡಲೇ ಇಲ್ಲ. ಏನಾಯಿತೋ ಎಂದು ನಾನೇ ಮಾಡಿದರೆ, "ಏನೂ ಇಲ್ಲರಿ ಅಕ್ಕಾರ, ತಲಿ ಹಗರಾಗೇತಿ" ಎಂದರು. ಮಾರಾಟ ಶುರುವಾದ ಮೇಲೆ ಒಂದು ದಿನ ಇಬ್ಬರು ವ್ಯಾಪಾರಿಗಳು ದನಿ ಏರಿಸಿಕೊಂಡು ಬಂದರಂತೆ. ಗುಮಾಸ್ತರು ಪರದೆಯನ್ನು ಅವರತ್ತ ತಿರುಗಿಸಿದರು. ಅವರು ಓದಿದರು, ತಮ್ಮ ತಮ್ಮ ಫೋನಿನ ಸಂದೇಶ ತೆಗೆದು ನೋಡಿಕೊಂಡರು, ಒಟ್ಟಿಗೆ ಚಹಾ ಕುಡಿದು ಹೋದರು. ಆ ಹಂಗಾಮು ಮುಗಿಯುವ ಮೊದಲೇ ಪಕ್ಕದ ಎರಡು ಕೋಲ್ಡ್ ಸ್ಟೋರೇಜುಗಳಿಂದ ಕರೆ ಬಂತು. ಮೈದುನ ಆ ಕುರ್ಚಿಗೆ ಬೇರೊಬ್ಬರನ್ನು ನೇಮಿಸಿಕೊಂಡ. ಪೈಪು ಕೊಳ್ಳಲು ಬಂದ ರೈತರ ಫೋನಿಗೆ ಸಂದೇಶ ಬಂದರೆ, "ಅದು ನಮ್ಮ ಭಾಬಿ ಮಾಡಿದ್ದು" ಎಂದು ಹೇಳದೆ ಬಿಲ್ ಕೊಡುತ್ತಿರಲಿಲ್ಲವಂತೆ.

ಬೇಸಿಗೆಯ ಕೊನೆಗೆ ಬಬಲೇಶ್ವರದಿಂದ ಫೋನು. ಪುಣೆಯವರ ಕೆಲಸ ಅರ್ಧಕ್ಕೆ ನಿಂತಿತ್ತು. ಹಳೆಯ ಖಾತೆಗೂ ಹೊಸ ಖಾತೆಗೂ ತಾಳೆಯಾಗುತ್ತಿರಲಿಲ್ಲ. ನಾನು ಹೊರಟಾಗ ಕಾಕಾ ಓಣಿಯ ತುದಿಯಲ್ಲೇ ನಿಂತಿದ್ದರು. "ನಾನೂ ಬರ್ತೀನವಾ. ನಡುವಿನಾಂವ ಬ್ಯಾಡೇನು?" ಬೇಡ ಎನ್ನಲು ಮನಸ್ಸಾಗಲಿಲ್ಲ.

ಅದೇ ಕಚೇರಿ, ಅದೇ ಕುರ್ಚಿ. ಕಾರ್ಯದರ್ಶಿಯವರು ಈ ಸಲ ಸ್ವಲ್ಪ ಅಳುಕುತ್ತಲೇ ಕೇಳಿದರು. "ಅಕ್ಕಾರ, ನಿಮ್ಮಿಂದ ಆಗತೈತೇನ್ರಿ?"

ನಾನು ಉತ್ತರಿಸುವ ಮೊದಲೇ ಕಾಕಾ ಎದ್ದು ನಿಂತರು. "ಒಂದು ಮಾತು ಮೊದಲ ಹೇಳಿಬಿಡ್ತೀನ್ರಿ. ಇವರು ಸಾಂಗಲಿಯೊಳಗ ಒಂದೂ ಕೆಲಸ ಮಾಡಿಲ್ಲ."

ಕಾರ್ಯದರ್ಶಿಯವರು ಕಣ್ಣು ಪಿಳಿಪಿಳಿ ಬಿಟ್ಟರು. "ಸಾಂಗಲಿ ಸುದ್ದಿ ಯಾರ ಕೇಳಿದ್ರಿ?"

"ಯಾರೂ ಕೇಳಿಲ್ಲ. ಆದ್ರ ಇಲ್ಲದ್ದು ಇಲ್ಲ ಅನ್ನಬೇಕು. ಟಿಕೋಟಾದಾಗ ಮಾಡ್ಯಾರ. ಅದನ್ನ ನಾ ಕಣ್ಣಾರೆ ನೋಡೀನಿ." ಹೇಳಿ, ಕೆಲಸ ಮುಗಿಸಿದವರ ಹಾಗೆ ಕೂತರು.

ಕಾರ್ಯದರ್ಶಿಯವರು ನನ್ನತ್ತ ನೋಡಿದರು. ನಾನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅವರ ಮೇಜಿನ ಮೇಲಿಟ್ಟೆ.

"ಆಗತೈತ್ರಿ" ಎಂದೆ. "ಇಂಥಾ ಕೆಲಸ ನಾ ಭಾಳ ಮಾಡೀನಿ. ಹಳೇ ಬ್ಯಾಕಪ್ ಎಲ್ಲೈತಿ ತರಸ್ರಿ."